ದ್ಯಾಮಣ್ಣನ ಮಾತು

ಗಂಡ ದ್ಯಾಮಣ್ಣನ ಹೆಣವನ್ನು ಗೋಡೆಗೆ ಆನಿಸಿ ಕೂರಿಸಿ, ತಲೆ ವಾಲದಂತೆ ಗದ್ದಕ್ಕೆ ಬಟ್ಟೆ ಬಿಗಿಯುತ್ತಿದ್ದಳು ಮುದಕಮ್ಮ. ಪಕ್ಕದ ಮನೆಯ ತಾಜಬೀ ಹೂವಿನ ಬುಟ್ಟಿ ಹಿಡಿದು ಒಳಗೆ ಬಂದಳು.

"ಅಕ್ಕಾ, ಹೆಗಲು ಕೊಡಾಕ ಓಣ್ಯಾಗಿನವ್ರು ಒಬ್ರೂ ಒಲ್ಲೆ ಅಂತಾರ."

ಕುಣಿ ತೋಡಲೂ ಮಗ ಹನಮೇಶ ಒಬ್ಬನೇ ಹೋಗಿದ್ದ.

"ನಮ್ಮನಿಯವ್ರೂ ಮೋಸ ಹೋದವ್ರವಾ. ಆ ಇಂಜಿನಿಯರ್ ಬರೆದ ವರದಿ ನಂಬಿದ್ರು," ಎಂದಳು ಮುದಕಮ್ಮ. ಎರಡು ವರ್ಷದಿಂದ ಅವಳು ಎಲ್ಲರೊಂದಿಗೂ ಜಗಳವಾಡಿದ್ದು ಇದೊಂದೇ ಮಾತು ಹಿಡಿದು.

*

ಗಿಣಿಗೇರಾದ ಆ ಓಣಿಯ ಹಿಂದೆ ಕಾರ್ಖಾನೆಯ ಗೂಡ್ಸ್ ಹಳಿ ಬರುವುದಿತ್ತು. ರೈಲು ಹಾದರೆ ನೆಲ ಎಷ್ಟು ನಡುಗೀತು ಎಂದು ಮೊದಲೇ ಲೆಕ್ಕ ಹಾಕಲು ಬಂದ ಇಂಜಿನಿಯರ್ ಹಾಲೇಶ, ಮುದಕಮ್ಮನ ಅಂಗಳದಲ್ಲೇ ಯಂತ್ರ ಹೂತು ಎಂಟು ದಿನ ಅವಳ ಕೈಯ ರೊಟ್ಟಿ ಉಂಡಿದ್ದ.

ದ್ಯಾಮಣ್ಣ ಮೂವತ್ತು ವರ್ಷ ಹಳಿಯ ಮೇಲೆ ನಡೆದು ಬೋಲ್ಟು ಬಿಗಿದವನು. ರೈಲಿನ ವಿಷಯಕ್ಕೆ ಓಣಿಗೆ ಅವನೇ ಹಿರಿಯ. "ಇಂಜಿನಿಯರ್ ಬರದಾನ, ತಂಬಿಗ್ಯಾಗಿನ ನೀರೂ ಅಳ್ಳಾಡೂದಿಲ್ಲಂತ. ಒಪ್ಪಿಗಿ ಕಾಗದಕ್ಕ ರುಜು ಹಾಕ್ರಿ," ಎಂದ. ಎಲ್ಲರೂ ಹಾಕಿದರು.

ರೈಲು ಓಡತೊಡಗಿದ ಎರಡೇ ತಿಂಗಳಿಗೆ ಗೋಡೆಗಳು ಬಿರಿದವು. ಮಲಗಿದ್ದ ರಾಜಾಸಾಬನ ಮೇಲೆ ಗೋಡೆ ಕುಸಿದು ಸೊಂಟ ಮುರಿಯಿತು. ತಾಜಬೀಯ ಗಂಡ ಇವತ್ತಿಗೂ ಹಾಸಿಗೆ ಬಿಟ್ಟು ಎದ್ದಿಲ್ಲ.

*

ಮಧ್ಯಾಹ್ನ ಹಾಲೇಶ ಹಾರ ಹಿಡಿದು ಬಂದ. ಮುದಕಮ್ಮ ಅಂಗಳದಲ್ಲೇ ತಡೆದಳು.

"ನಮ್ಮನಿ ರೊಟ್ಟಿ ತಿಂದು ಸುಳ್ಳು ಯಾಕ ಬರದ್ರಿ?"

"ನಾ ಸುಳ್ಳು ಬರದಿಲ್ಲ ಯವ್ವಾ. ಇದು ಎರಿ ಮಣ್ಣಿನ ಮೆತ್ತನ್ನ ನೆಲ, ಮನಿ ಉಳಿಯೂದಿಲ್ಲ, ಹಳಿ ದೂರ ಸರಿಸ್ರಿ ಅಂತ ಬರದಿದ್ದೆ. ಕಾರ್ಖಾನಿಯವ್ರು ಮುಚ್ಚಿಟ್ರು. ದ್ಯಾಮಣ್ಣಾರಿಗೆ ಒಂದು ನಕಲು ಕೊಟ್ಟು, ಓದಿ ಹೇಳಿದ್ದೆ."

"ಅವರೇನಂದ್ರು?"

ಹಾಲೇಶ ತಲೆ ತಗ್ಗಿಸಿದ. "ಹಳಿ ಸರಿದ್ರ ಇಲ್ಲಿ ಹನಮೇಶಗ ಸಿಗೂ ರೈಲು ಗೇಟಿನ ನೌಕರಿ ಹೋಗತೈತಿ, ಯಾರಿಗೂ ಹೇಳಬ್ಯಾಡ್ರಿ ಅಂದ್ರು. ನಾನೂ ಬಾಯಿ ಮುಚ್ಚಿಕೊಂಡೆ."

ಮುದಕಮ್ಮ ಒಳಗೆ ಬಂದು ಗಂಡನ ಮುಖ ನೋಡಿದಳು. ಈ ಮುಖಕ್ಕಾಗಿ ಅವಳು, ತಾಜಬೀಯದೊಂದು ಬಿಟ್ಟು, ಓಣಿಯ ಎಲ್ಲ ಬಾಗಿಲುಗಳನ್ನೂ ಕಳೆದುಕೊಂಡಿದ್ದಳು. ಹಾರ ಕಟ್ಟುತ್ತಿದ್ದ ತಾಜಬೀಯ ಮುಂದೆ ಹೋಗಿ ಕೂತಳು.

"ಇವರಿಗೆ ಗೊತ್ತಿತ್ತವಾ, ತಾಜಬೀ. ಮೊದಲೇ ಗೊತ್ತಿತ್ತು."

ತಾಜಬೀಯ ಕೈ ನಿಂತಿತು. ಅರ್ಧ ಕಟ್ಟಿದ ಹಾರವನ್ನು ಬುಟ್ಟಿಗೆ ಹಾಕಿ ಎದ್ದು ಹೋದಳು.

ಅದೇ ಹೊತ್ತಿಗೆ ಅದಿರು ತುಂಬಿದ ರೈಲು ಓಣಿಯ ಹಿಂದಿನ ಹಳಿಯ ಮೇಲೆ ಬಂತು. ನೆಲ ನಡುಗಿತು, ಗೋಡೆ ನಡುಗಿತು. ದ್ಯಾಮಣ್ಣನ ಗದ್ದದ ಕಟ್ಟು ಸಡಿಲಿತು. ಐವತ್ತೆಂಟು ಡಬ್ಬಿ ದಾಟುವವರೆಗೂ ಅವನ ತಲೆ ಮೆಲ್ಲಗೆ, ಹೌದು ಹೌದು ಎನ್ನುವಂತೆ, ಆಡುತ್ತಲೇ ಇತ್ತು. ಮುದಕಮ್ಮ ಹಿಡಿಯಲು ಹೋಗಲಿಲ್ಲ.