ಹನ್ನೆರಡು ಟೇಬಲ್ಲಿಗೆ ಆಕ್ಷೇಪಣೆ

ಆ ಬಿಳಿ ಶರಟಿನ ತೋಳಿನ ಗೆರೆ ಒಂದು ಚೂರೂ ಸೊಟ್ಟಗಿಲ್ಲ, ಸರೋಜಮ್ಮನೇ ಬೆಳಗ್ಗೆ ಇಸ್ತ್ರಿ ಮಾಡಿದ್ದು, ಎಲ್ಲಿಗೆ ಹೊರಟ್ರಿ ಅಂತ ಕೇಳಿದ್ದಕ್ಕೆ ಇಲ್ಲೇ ಹಿಂಗೆ ಅಂದಿದ್ದರು ಬಸವರಾಜು, ಈಗ ನೋಡಿದರೆ ಇಲ್ಲೇ ಹಿಂಗೆ ಅನ್ನುವುದು ಪಾಲಿಕೆ ವಲಯ ಕಚೇರಿಯ ಮಹಡಿ, ಆಕ್ಷೇಪಣೆ ವಿಚಾರಣೆ, ಎದುರು ಸಾಲಿನ ಕುರ್ಚಿ, ಇಸ್ಪೀಟು ಕ್ಲಬ್ಬಿನವರ ಪಕ್ಕ — ಅವಳಾದರೂ ನಿಜ ಹೇಳಿದ್ದಳೇ, ತರಕಾರಿ ತರ್ತೀನಿ ಅಂತ ಬ್ಯಾಗು ಹಿಡಿದು ಬಂದವಳು, ಆ ಬ್ಯಾಗಿನೊಳಗೆ ಆಧಾರ್ ಕಾರ್ಡು, ಮನೆಪತ್ರ — ಮೂವತ್ತೆಂಟು ವರ್ಷ ಒಂದೇ ಸೂರಿನಡಿ ಬಾಳಿದ ಗಂಡ ಆ ಕಡೆ, ಹೆಂಡತಿ ಈ ಕಡೆ, ಕಬಡ್ಡಿಯಾಗಿದ್ದರೆ ಕಾಲು ಹಿಡಿದು ಎಳೆಯಬಹುದಿತ್ತು, ನಗು ಬಂತು, ನುಂಗಿಕೊಂಡಳು. ಅವರು ನೋಡಿದರು, ನೋಡದವರ ಹಾಗೆ ಫ್ಯಾನು ನೋಡಿದರು, ಬನ್ನಿಮಂಟಪದ ಡಿಪೋದಲ್ಲಿ ಬಸ್ಸು ಓಡಿಸಿ ರಿಟೈರಾದ ಮನುಷ್ಯ, ತಿರುವಿನಲ್ಲಿ ಎದುರು ಲಾರಿ ಬಂದರೂ ಬೆವರದವರು, ಈಗ ಕೊರಳು ಒರೆಸಿಕೊಳ್ಳುತ್ತಿದ್ದಾರೆ, ಒರೆಸಿಕೊಳ್ಳಲಿ.

ಕ್ಲಬ್ಬಿನ ಸೆಕ್ರೆಟರಿ ಶಿವಕುಮಾರ್ ಎದ್ದು ನಿಂತು ಮಾತಾಡುತ್ತಲೇ ಇದ್ದಾರೆ, ಮೇಡಂ, ರಮ್ಮಿ ಬುದ್ಧಿವಂತಿಕೆಯ ಆಟ, ಜೂಜಲ್ಲ, ಹಿರಿಯರಿಗೆ ಮನಸ್ಸು ಹಗುರ ಆಗುತ್ತೆ, ಈಗಿರೋ ನಾಲ್ಕು ಟೇಬಲ್ ಸಾಲ್ತಿಲ್ಲ, ಮೇಲೊಂದು ಮಹಡಿ ಎತ್ತಿ ಹನ್ನೆರಡು ಮಾಡ್ತೀವಿ — ಹನ್ನೆರಡು, ಟೇಬಲ್ಲಿಗೆ ಆರು ಜನ ಅಂದರೆ ಎಪ್ಪತ್ತೆರಡು, ದಟ್ಟಗಳ್ಳಿಯ ಎಪ್ಪತ್ತೆರಡು ಮನೆಗಳಲ್ಲಿ ಆರಿಹೋಗುವ ಸಾರು, ಮತ್ತೆ ಬಿಸಿ ಮಾಡುವ ಹೆಂಗಸರು, ಒಳಕೋಣೆಯಲ್ಲಿ ಕೆಮ್ಮುವ ಅವ್ವಂದಿರು. ಪಕ್ಕದಲ್ಲಿ ಕೂತ ರಾಮಯ್ಯ ಮೇಷ್ಟ್ರು ಆಗಲೇ ತಮ್ಮ ಆಕ್ಷೇಪಣೆ ಹೇಳಿ ಮುಗಿಸಿದ್ದರು, ಗೇಟಿಗೆ ಅಡ್ಡ ಸ್ಕೂಟರ್ ನಿಲ್ಲಿಸ್ತಾರೆ ಅಂತ, ಪಾಪ, ಅವರಿಗೆ ಸ್ಕೂಟರಿನದೇ ಸಂಕಟ. ಆಫೀಸರ್ ಹರ್ಷಿತಾ ಮೇಡಂ ಇನ್ನೂ ಚಿಕ್ಕ ವಯಸ್ಸು, ಮೂಗಿನಲ್ಲಿ ನೆಲ್ಲಕ್ಕಿಯಷ್ಟು ಮೂಗುತಿ, ಎಲ್ಲವನ್ನೂ ಬರೆದುಕೊಳ್ಳುತ್ತಾರೆ, ಗೋಡೆಗೆ ಗೋಡೆ ತಾಗಿರೋ ಮನೆ ಓನರು ಯಾರು, ಅವರು ಒಪ್ಪದೆ ಇದು ಮುಂದಕ್ಕೆ ಹೋಗಲ್ಲ ಅಂತ ಆಗಲೇ ಎರಡು ಸಲ ಅಂದರು. ಓನರು ಸರೋಜಮ್ಮ. ಅತ್ತೆ ದೇವಿರಮ್ಮ ತನ್ನ ಹೆಸರಲ್ಲಿದ್ದ ಮನೆಯನ್ನು ಮಗನಿಗೆ ಬಿಟ್ಟು ಸೊಸೆಗೆ ಬರೆದಿದ್ದಳು, ಇವ್ನು ನನ್ ಮಗ ಕಣಮ್ಮಿ, ಅದಕ್ಕೇ ನಂಗೊತ್ತು, ನಿನ್ ಹೆಸ್ರಲ್ಲಿರ್ಲಿ ಅಂದಿದ್ದಳು, ಎಂಥ ಹೆಂಗಸು.

ಅಮ್ಮಾ, ಇದು ನಿಮ್ಮ ಸೈನೇನಾ, ಮೇಡಂ ಕ್ಲಬ್ಬಿನವರು ಕೊಟ್ಟ ಹಳೇ ಒಪ್ಪಿಗೆಯ ಹಾಳೆ ತಿರುಗಿಸಿ ತೋರಿಸಿದರು, ಹೌದು, ಅವಳದೇ, ಕೊನೆಯ ಅಕ್ಷರದ ಪಕ್ಕ ಕೆಂಪು ಬೆರಳಚ್ಚು, ಕುಂಕುಮ, ಮೂರು ವರ್ಷವಾದರೂ ಹೋಗಿಲ್ಲ — ಗೌರಿಹಬ್ಬದ ದಿನ, ಶಿವಕುಮಾರ್ ಹೆಂಡತಿ ವಾಣಿ ಮೊರದ ಬಾಗಿನ ಹಿಡಿದು ಬಾಗಿಲಲ್ಲಿ, ಅಕ್ಕಾ ಬಾಗಿನ ತಗೊಳ್ಳಿ, ಸೆರಗು ಹೊದ್ದು ತಗೊಂಡಾಯಿತು, ಕುಂಕುಮ ಕೊಟ್ಟಾಯಿತು, ಆಮೇಲೆ ಚೀಲದಿಂದ ಹಾಳೆ ಬಂತು, ಏನಿಲ್ಲ ಅಕ್ಕಾ, ವಯಸ್ಸಾದೋರು ಪೇಪರ್ ಓದೋಕೆ, ಕೇರಂ ಆಡೋಕೆ ಒಂದು ಜಾಗ, ಪಕ್ಕದ ಮನೆಯವರದೊಂದು ಒಪ್ಪಿಗೆ ಅಷ್ಟೇ. ಬಾಗಿನ ತಂದ ಮುತ್ತೈದೆಗೆ ಹಬ್ಬದ ದಿನ ಹೊಸ್ತಿಲಲ್ಲಿ ಇಲ್ಲ ಅನ್ನೋದುಂಟೆ, ಅಂದರೆ ಗೌರಿಗೇ ಅಂದಂತೆ, ಓದದೆ ಗೀಚಿದಳು. ಕೇರಂ ಬೋರ್ಡು ಒಂದು ತಿಂಗಳು ಇತ್ತು, ಆಮೇಲೆ ಇಸ್ಪೀಟು. ಮಾಡಿದ್ದುಣ್ಣೋ ಮಹರಾಯ. ಉಂಡಳು, ವರ್ಷಗಟ್ಟಲೆ ಉಂಡಳು, ಆ ಮಧ್ಯಾಹ್ನದ ತನಕ.

ಕಳೆದ ಆಷಾಢ, ಮೂರು ಗಂಟೆ, ದೇವಿರಮ್ಮನ ಉಸಿರು ಗೊರಗೊರ ಅನ್ನುತ್ತಿತ್ತು, ಬಸ್ವಾ ಎಲ್ಲಿ, ಬಸ್ವಾ ಎಲ್ಲಿ, ಒಂಬತ್ತು ಸಲ ಫೋನು ಮಾಡಿದಳು, ಕ್ಲಬ್ಬಿನಲ್ಲಿ ಫೋನುಗಳನ್ನೆಲ್ಲ ಬಾಗಿಲ ಹತ್ತಿರ ಟ್ರೇಯಲ್ಲಿಡಬೇಕು, ಅದು ಅಲ್ಲೇ ಬಡಿದುಕೊಂಡಿತು, ಬರಿಗಾಲಲ್ಲಿ ಓಡಿದಳು, ವಾಚ್‌ಮನ್ ಹುಚ್ಚಣ್ಣ ಅಡ್ಡ ನಿಂತ, ಅಮ್ಮಾ, ಎಂಗಸ್ರನ್ನ ಒಳಕ್ಕೆ ಬುಡಂಗಿಲ್ಲ, ನಾನೇ ಯೋಳ್ತೀನಿ ಇರಿ. ತೆರೆದ ಬಾಗಿಲಲ್ಲಿ ಕಂಡಿತು, ಹುಚ್ಚಣ್ಣ ಕಿವಿಯಲ್ಲಿ ಹೇಳಿದ, ಬಸವರಾಜು ತಲೆಯಾಡಿಸಿದರು, ತಮ್ಮ ಸರದಿ ಬರುವ ತನಕ ಕಾದರು, ಒಂದು ಎಲೆ ಎತ್ತಿದರು, ಒಂದು ಬಿಸಾಕಿದರು, ಕೈಯಲ್ಲಿದ್ದ ಎಲೆಗಳನ್ನು ಒಪ್ಪವಾಗಿ ಬೋರಲು ಹಾಕಿ, ಕನ್ನಡಕ ತೆಗೆದು ಅದರ ಮೇಲಿಟ್ಟು ಎದ್ದರು, ಯಾರೂ ಮುಟ್ಟಬಾರದು, ಈಗ ಬಂದೆ ಅನ್ನುವ ಹಾಗೆ. ಮನೆಗೆ ಬರುವಷ್ಟರಲ್ಲಿ ದೇವಿರಮ್ಮನ ಬಾಯಿಗೆ ಬೀಳಬೇಕಿದ್ದ ಮಗನ ಕೈಯ ನೀರು ಲೋಟದಲ್ಲೇ ಉಳಿದಿತ್ತು. ಅತ್ತರು, ಅತ್ತಿದ್ದು ಸುಳ್ಳಲ್ಲ. ಮೂರನೆಯ ದಿನ ಶಿವಕುಮಾರ್ ಮಾತಾಡಿಸಲು ಬಂದು ಕನ್ನಡಕ ಕೊಟ್ಟರು, ಕೊಟ್ಟು ಮೆಲ್ಲಗೆ, ಅವತ್ತು ನಿಮ್ಮ ಕೈ ನೋಡಿದ್ವಿ ಕಣ್ರೀ ಬಸವರಾಜು, ಒಂದೇ ಎಲೆ ಬೇಕಾಗಿತ್ತು, ನಿಮ್ದೇ ಆಟ — ಅಷ್ಟಕ್ಕೆ, ಸೂತಕದ ಮನೆಯಲ್ಲಿ, ಗಂಡನ ಮುಖ ಒಂದು ಗಳಿಗೆ ಬೆಳಗಿತು. ಅದನ್ನು ಅವಳು ಯಾರಿಗೂ ಹೇಳಿಲ್ಲ, ತಂಗಿಗೂ.

ನಂದೇ ಸೈನು ಮೇಡಂ, ವಾಪಸ್ ತಗೋತಿದೀನಿ, ಅಂದಳು. ಶಿವಕುಮಾರ್, ಅದೆಂಗಾಗುತ್ತೆ ಮೇಡಂ ಅಂದರು, ಆಗುತ್ತೆ ಕೂತ್ಕೊಳ್ಳಿ ಅಂದರು ಮೇಡಂ, ಖಾಲಿ ಹಾಳೆ ಮುಂದೆ ಸರಿಸಿದರು, ಕಾರಣ ಬರೆದು ಸೈನ್ ಮಾಡಿ ಅಮ್ಮಾ. ಬಿಳಿ ಶರಟು ಎದ್ದು ಬಂತು, ಸರೋಜಾ, ಇದೇನೇ ಎಲ್ಲರ ಮುಂದೆ, ಮನೇಲಿ ಮಾತಾಡೋಣ ಬಾ. ಮನೇಲಿ ನೀವು ಯಾವಾಗ್ರೀ ಇರ್ತೀರಿ, ಅಂದಳು, ಜೋರಾಗಿ ಏನಲ್ಲ, ಸಾರಿಗೆ ಉಪ್ಪು ಸಾಕಾ ಅಂತ ಕೇಳುವಷ್ಟೇ ಮೆತ್ತಗೆ, ಆದರೂ ಎರಡೂ ಸಾಲಿನ ಕುರ್ಚಿಗಳು ಇತ್ತ ತಿರುಗಿದವು. ಹಳೇ ಒಪ್ಪಿಗೆಯನ್ನು ಈ ಸಲ ಪೂರ್ತಿ ಓದಿ, ಕೈ ಒರೆಸಿಕೊಂಡು, ಖಾಲಿ ಹಾಳೆಯ ಕೆಳಗೆ ಮೊದಲು ಸೈನು ಮಾಡಿದಳು, ಪೂರ್ತಿ ಹೆಸರು, ಆಮೇಲೆ ಮೇಲಕ್ಕೆ ಹೋಗಿ ಕಾರಣ ಅಂತ ಬರೆದು ಎರಡು ಚುಕ್ಕಿ ಇಟ್ಟಳು, ಸ್ಕೂಟರ್ ಅಂತ ಬರೆಯಲೇ, ಗಲಾಟೆ ಅಂತ ಬರೆಯಲೇ, ಬೇಡ, ಇದ್ದದ್ದೇ ಬರೆಯುತ್ತೇನೆ, ನನ್ನ ಅತ್ತೆ ಸಾಯುವಾಗ ನನ್ನ ಗಂಡ, ಬರೆದಳು, ನನ್ನ ಗಂಡ, ಪೆನ್ನು ಅಲ್ಲೇ ನಿಂತಿತು, ಕಣ್ಣ ಮುಂದೆ ಆ ಟೇಬಲ್ಲಿನ ಹಸಿರು ಬಟ್ಟೆ, ಬೋರಲು ಬಿದ್ದ ಹದಿಮೂರು ಎಲೆ, ಅದರ ಮೇಲೆ ಕನ್ನಡಕ, ಕಡ್ಡಿಗಳನ್ನೂ ಮಡಚದೆ.