ಗಾಳಿ ಆಡದ ಕೋಣೆ

"ನೋಡ್ರಿ ಜ್ಯೋತಿಬಾಯಿ, ನಿಮ್ಮ ಚಕ್ರ ನಿದ್ದಿ ಹೊಡೀಲಿಕತ್ತದ."

ಸುಗರಾಬಿ ಅಂಗೈ ಮುಂದೆ ಚಾಚಿದಳು. ಅದರ ಮೇಲೆ ನಿಂಬೆಹಣ್ಣಿನಷ್ಟು ಅಗಲದ ಕೆಂಪು ಪ್ಲಾಸ್ಟಿಕ್ ಚಕ್ರವಿತ್ತು. ನಿನ್ನೆ ಸಂಜೆ ಚೂಪಾಗಿ ನಿಂತಿದ್ದ ಅದರ ಹಲ್ಲುಗಳೆಲ್ಲ ಈಗ ಒಂದೇ ದಿಕ್ಕಿಗೆ ಬಾಗಿದ್ದವು. ಭಾಗ್ಯಜ್ಯೋತಿ ಅದನ್ನೆತ್ತಿಕೊಂಡು ಹೆಬ್ಬೆರಳಿನಿಂದ ಒತ್ತಿದಳು. ಚಕ್ರ ಇನ್ನೂ ಬಿಸಿಯಾಗಿತ್ತು. ಉಗುರು ಊರಿದಲ್ಲಿ ಗುರುತು ಬಿತ್ತು.

"ಎಷ್ಟೊತ್ತು ನಡೀತು ಆಪಾ?"

"ಮುಂಜಾನಿ ಭಾಳ ಛಲೋ ನಡೀತು. ಇಷ್ಟು ಅಂಗಿಗಿ ಕಾಜಾ ಹೊಡದೆ," ಸುಗರಾಬಿ ಚಾಪೆಯ ಮೂಲೆಯಲ್ಲಿದ್ದ ಸಣ್ಣ ಕಟ್ಟನ್ನು ತೋರಿಸಿದಳು. "ಊಟದ ಹೊತ್ತಿಗಿ ಸೂಜಿ ಒಂದ್ ಕಡಿ, ಬಟ್ಟಿ ಒಂದ್ ಕಡಿ. ಕಡೀಕ ಗರ್ ಅಂತ ನಿಂತೇ ಬಿಡ್ತು."

ಸಣ್ಣ ಕಟ್ಟಿನ ಪಕ್ಕದಲ್ಲಿ ಸೊಂಟದೆತ್ತರಕ್ಕೆ ಇನ್ನೊಂದು ರಾಶಿಯಿತ್ತು. ಆಕಾಶಬಣ್ಣದ ಅಂಗಿಗಳು. ಕೊರಳಪಟ್ಟಿ, ತೋಳು, ಜೇಬು, ಗುಂಡಿ ಎಲ್ಲ ಮುಗಿದಿತ್ತು. ಗುಂಡಿ ತೂರಿಸುವ ಕಾಜಾ ಮಾತ್ರ ಬಾಕಿ. ದಂಡೋತಿಯ ಶಾಲೆಗೆ ಹೋಗಬೇಕಾದ ಅಂಗಿಗಳು ಅವು. ಸೋಮವಾರ ಶಾಲೆ ಶುರು. ಇವತ್ತು ಶುಕ್ರವಾರ.

ಇಷ್ಟು ವರ್ಷ ಸುಗರಾಬಿ ಕಲಬುರಗಿಯ ಗುತ್ತೇದಾರನೊಬ್ಬನ ಕೆಳಗೆ ಅಂಗಿಗಿಷ್ಟು ಎಂದು ಹೊಲಿದುಕೊಟ್ಟವಳು. ಹೊಲಿದವರು ಯಾರೆಂಬುದು ಶಾಲೆಗೆ ಗೊತ್ತೇ ಇರಲಿಲ್ಲ. ಈ ವರ್ಷ ಮೊದಲ ಸಲ ಕೆಲಸ ನೇರವಾಗಿ ಅವಳ ಹೆಸರಿಗೇ ಬಂದಿತ್ತು. ತಡವಾದರೆ ಮುಂದಿನ ವರ್ಷ ಅದು ಮತ್ತೆ ಗುತ್ತೇದಾರನ ಪಾಲಾಗುತ್ತದೆ. ಹೋದ ವಾರ ಕಾಜಾ ಯಂತ್ರದೊಳಗಿನ ಪ್ಲಾಸ್ಟಿಕ್ ಚಕ್ರ ಸೀಳಿದಾಗ ಅವಳು ಹೈದರಾಬಾದಿಗೂ ಫೋನ್ ಮಾಡಿ ವಿಚಾರಿಸಿದ್ದಳು. ಆ ಮಾದರಿಯ ಚಕ್ರ ಈಗ ಬರುವುದಿಲ್ಲ, ಹೊಸ ಯಂತ್ರವನ್ನೇ ತೆಗೆದುಕೊಳ್ಳಿ ಎಂದು ಅಂಗಡಿಯವರು ಹೇಳಿದ್ದರು. ಕುಪ್ಪಸ ಒಯ್ಯಲು ಬಂದಿದ್ದ ಭಾಗ್ಯಜ್ಯೋತಿ ಸೀಳಿದ ಚಕ್ರವನ್ನು ಕಂಡವಳೇ, "ಯಾಕ ಬರಂಗಿಲ್ಲ? ನಾ ಮಾಡಿ ಕೊಡ್ತೀನಿ," ಎಂದಿದ್ದಳು. ಸುಗರಾಬಿ ಕೇಳಿರಲಿಲ್ಲ. ಇವಳೇ ಹೇಳಿದ್ದು.

"ಶಹಾಬಾದಿನ ಶೌಕತ ಅಲಿ ಭಾಯಿ, ತರ್ರಿ, ನಮ್ಮ ಮಷಿನಿನ್ಯಾಗ ಹೊಡದ ಕೊಡ್ತೀನಿ ಅಂದಿದ್ದ," ಸುಗರಾಬಿ ಅಂಗಿಯೊಂದನ್ನು ಮಡಿಸುತ್ತ ಹೇಳಿದಳು. "ನಾನೇ ಬ್ಯಾಡ ಅಂದೆ. ಈಗ ಅವನೂ ಬ್ಯಾರೆ ಕೆಲಸ ಹಿಡದಾನ."

ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಭಾಗ್ಯಜ್ಯೋತಿ ಚೀಲದಿಂದ ಪಿಸ್ತೂಲಿನ ಆಕಾರದ ಥರ್ಮಾಮೀಟರ್ ತೆಗೆದು ಯಂತ್ರದ ಹೊಟ್ಟೆಯತ್ತ ಗುರಿಯಿಟ್ಟಳು. ಮುಟ್ಟದೆಯೇ ಉಷ್ಣತೆ ಹೇಳುವ ಸಾಧನ ಅದು. ಅರವತ್ತಮೂರು ಎಂದಿತು. ತಲೆಯ ಮೇಲಿನ ತಗಡಿಗೆ ಹಿಡಿದಳು. ಅಲ್ಲಿ ಇನ್ನೂ ಹೆಚ್ಚು.

"ಅದಕ್ಕ ಗುಂಡು ಹೊಡದ್ರ ನಡೀತದೇನ್ರಿ?" ಎಂದು ಕೇಳಿ ಸುಗರಾಬಿ ತಾನೇ ನಕ್ಕಳು.

ಸೇಡಂ ಹತ್ತಿರದ ಸಿಮೆಂಟ್ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಭಾಗ್ಯಜ್ಯೋತಿಗೆ ಕೆಲಸ. ರಸಾಯನಶಾಸ್ತ್ರ ಓದಿದವಳು. ಹೊಸ ಸಾಧನ ಯಾವುದೇ ಬಂದರೂ ಅವಳು ಜಾಹೀರಾತು ನೋಡುತ್ತಿರಲಿಲ್ಲ. ಪೆಟ್ಟಿಗೆಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವುದನ್ನು ಓದುತ್ತಿದ್ದಳು. ಮನೆಯಲ್ಲಿ ಗಾಳಿಯ ದೂಳನ್ನು ಅಳೆಯುವ ಡಬ್ಬಿಯಿತ್ತು, ನಿದ್ದೆ ಲೆಕ್ಕ ಹಾಕುವ ಕೈಗಡಿಯಾರವಿತ್ತು. ತಾನಾಗಿ ಕಸ ಗುಡಿಸುವ ಯಂತ್ರವೂ ಒಂದಿತ್ತು. ಅದು ಫರಸಿ ಕಲ್ಲುಗಳ ನಡುವಿನ ಸಂದಿಗೆ ಬಂದಾಗಲೆಲ್ಲ ಚಕ್ರ ಸಿಕ್ಕಿಸಿಕೊಂಡು ಕೂಗುತ್ತಿತ್ತು. ಅತ್ತೆ ಗುರುಲಿಂಗಮ್ಮ ಪೊರಕೆಯಿಂದ ಅದನ್ನು ತಿವಿದು ಮುಂದೆ ಸಾಗಿಸುತ್ತಿದ್ದರು. ಯಾವ ಸಾಧನವೂ ತಯಾರಿಸಿದವರು ಹೇಳಿದಂತೆ ಬಾಳುವುದಿಲ್ಲ, ಬಂದ ಊರಿನ ಗುಣ ಹಿಡಿಯುತ್ತದೆ ಎಂಬುದು ಭಾಗ್ಯಜ್ಯೋತಿಯ ದೃಢ ಅಭಿಪ್ರಾಯ. ಆ ಊರಿನ ಗುಣವನ್ನೇ ಈ ಸಲ ಅವಳು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಚಕ್ರ ಮಾಡಿದ್ದು ತ್ರೀ-ಡಿ ಪ್ರಿಂಟರಿನಲ್ಲಿ. ಪ್ಲಾಸ್ಟಿಕ್ ಎಳೆಯನ್ನು ಕರಗಿಸಿ, ಪದರದ ಮೇಲೆ ಪದರ ಹಾಕಿ ವಸ್ತು ಕಟ್ಟುವ ಯಂತ್ರ. "ಚಕ್ಲಿ ಒತ್ತೋದು ಅನ್ನು," ಎಂದು ಗುರುಲಿಂಗಮ್ಮ ಮೊದಲ ದಿನವೇ ಅದರ ವರ್ಗ ನಿರ್ಧರಿಸಿದ್ದರು. ಹೊಸ ಯಂತ್ರವೆಂದು ಮೂರು ಬೆರಳಿನ ವಿಭೂತಿ ಎಳೆದು, ಕುಂಕುಮವಿಟ್ಟು, ಎಣ್ಣೆಗೈಯಲ್ಲೇ ಪದರಗಳು ಕೂರುವ ತಟ್ಟೆಯನ್ನೂ ಸವರಿದ್ದರು. ಎರಡು ದಿನ ಏನು ಹಾಕಿದರೂ ತಟ್ಟೆಗೆ ಅಂಟಲಿಲ್ಲ. ಇಂಥ ಪ್ರಿಂಟರ್ ಇಟ್ಟುಕೊಂಡವರ ಟೆಲಿಗ್ರಾಂ ಗುಂಪಿನಲ್ಲಿ ಕೇಳಿದಾಗ ಜನ ಹತ್ತಾರು ಕಾರಣ ಹುಡುಕಿದರು. ಅತ್ತೆಯ ಭಕ್ತಿಯೆಂದು ಯಾರಿಗೂ ಹೊಳೆಯಲಿಲ್ಲ.

ಆ ಗುಂಪು ಅವಳಿಗೆ ಇಷ್ಟ. ಅಲ್ಲಿ ಅವಳ ಹೆಸರು 'ಕಾಗಿಣಾ', ಆ ಕಡೆಯ ಹೊಳೆಯದು. ಅವಳು ಹೆಂಗಸೆಂದು ಯಾರಿಗೂ ತಿಳಿಯದು, ಯಾರೂ ಕೇಳಿಯೂ ಇಲ್ಲ. ಯಾವ ಊರು, ಯಾವ ಮಂದಿ ಎಂದು ವಿಚಾರಿಸುವ ಬದಲು ಅವರು ತಟ್ಟೆ ಎಷ್ಟು ಬಿಸಿಯಿದೆ ಎಂದು ವಿಚಾರಿಸುತ್ತಾರೆ. ಬೇಸರವೊಂದೇ: ಬಹಳ ಜನ ಮೊದಲು ಪರೀಕ್ಷೆಗೆಂದು ಅದೇ ಪುಟ್ಟ ದೋಣಿ ಮಾಡುತ್ತಾರೆ, ಆಮೇಲೆ ಡ್ರ್ಯಾಗನ್, ಆಮೇಲೆ ಪ್ರಿಂಟರಿಗೆ ಬೇಕಾದ ಬಿಡಿಭಾಗಗಳನ್ನು ಅದೇ ಪ್ರಿಂಟರಿನಲ್ಲಿ. ಯಂತ್ರ ತನ್ನನ್ನು ತಾನು ಸಿಂಗರಿಸಿಕೊಳ್ಳುವುದರಲ್ಲೇ ಕಾಲ ಹೋಗುತ್ತದೆ. ಅದಕ್ಕೇ ಅವಳು ಕಾಜಾ ಯಂತ್ರದ ಚಕ್ರದ ಚಿತ್ರ ಹಾಕಿದಾಗ ಗುಂಪೆಲ್ಲ ಚಪ್ಪಾಳೆ ತಟ್ಟಿತ್ತು. 'ಲೇಯರ್ ಕಿಂಗ್' ಎಂಬವನೊಬ್ಬ ಮಾತ್ರ, "ಬ್ರೋ, ಇದು ಮೆಕ್ಕೆಜೋಳದ ಪಿಷ್ಟದ ಪ್ಲಾಸ್ಟಿಕ್. ನಿಮ್ಮ ಕಡೆ ಬಿಸಿಲಿಗೆ ತಡೆಯುತ್ತದೆಯೇ?" ಎಂದು ಕೇಳಿದ್ದ. "ಇದು ಮೆದುವಾಗುವುದು ಅರವತ್ತು ಡಿಗ್ರಿಗೆ. ನಮ್ಮೂರಿನ ಬಿಸಿಲು ನಲವತ್ತನಾಲ್ಕು. ಲೆಕ್ಕ ನೋಡಿದ್ದೇನೆ," ಎಂದು ಇವಳು ಉತ್ತರಿಸಿದ್ದಳು. ನೆರಳಿನ ಲೆಕ್ಕ ಅದು. ತಗಡಿನ ಕೆಳಗೆ, ಓಡುವ ಮೋಟಾರಿನ ಪಕ್ಕ ಕೂತ ಚಕ್ರಕ್ಕೆ ಆ ಲೆಕ್ಕ ಸಲ್ಲುವುದಿಲ್ಲ.

ಮನೆಗೆ ಬಂದವಳೇ ಬಾಗಿದ ಚಕ್ರದ ಚಿತ್ರ ಗುಂಪಿಗೆ ಹಾಕಿ, "ನೀವು ಹೇಳಿದ್ದು ಸರಿ," ಎಂದು ಬರೆದಳು. ಬೈಕಿನ ಮಡ್‌ಗಾರ್ಡಿಗೆ ಬಳಸುವಂಥ ಗಟ್ಟಿ ಪ್ಲಾಸ್ಟಿಕ್ಕಿನ ಸುರುಳಿಯೂ ಅವಳಲ್ಲಿತ್ತು. ನೂರು ಡಿಗ್ರಿಯವರೆಗೆ ಅದಕ್ಕೆ ಭಯವಿಲ್ಲ. ಆದರೆ ಕಟ್ಟುವಾಗ ಸ್ವಲ್ಪ ತಣ್ಣನೆಯ ಗಾಳಿ ತಾಗಿದರೂ ಅಂಚು ಮೇಲೇಳುತ್ತದೆ, ಪದರ ಬಿಡುತ್ತದೆ. ಕೂಲರ್ ಆರಿಸಿ ಆ ಸಂಜೆಯೇ ಮಾಡಿ ನೋಡಿದಳು. ಮನೆಯ ಸ್ಲ್ಯಾಬು ಎತ್ತರದ್ದು, ಕೋಣೆ ಮೂವತ್ತೇಳು ದಾಟಿರಲಿಲ್ಲ. ಚಕ್ರ ಒಣಗಿದ ರೊಟ್ಟಿಯ ಹಾಗೆ ಅಂಚು ಎತ್ತಿಕೊಂಡಿತು.

"ಇದಕ್ಕೆ ಹೀಟರ್ ಇರುವ ಮುಚ್ಚಿದ ಪೆಟ್ಟಿಗೆ ಬೇಕು ಬ್ರೋ," ಎಂದು ಲೇಯರ್ ಕಿಂಗ್ ಕೊಂಡಿ ಕಳಿಸಿದ. ತಲುಪಲು ಒಂದು ವಾರ. ಅವಳು ರೂಢಿಯಂತೆ ಕೆಳಗಿನ ಸಣ್ಣ ಅಕ್ಷರಗಳಿಗೆ ಇಳಿದಳು. ಒಳಗಿನ ಗಾಳಿಯ ಉಷ್ಣತೆ: ನಲವತ್ತೈದರಿಂದ ಐವತ್ತೈದು. ಗಾಳಿಯ ಚಲನೆ: ಇಲ್ಲ.

ಅದನ್ನು ಎರಡನೆಯ ಸಲ ಓದಿದಳು. ಆಮೇಲೆ ಗಟ್ಟಿಯಾಗಿ ನಕ್ಕಳು.

"ಏನಾತು ಜ್ಯೋತಿ?" ಗುರುಲಿಂಗಮ್ಮ ಅಡುಗೆಮನೆಯಿಂದ ಕೇಳಿದರು.

"ಅತ್ತಿ, ಮಂದಿ ರೊಕ್ಕಾ ಕೊಟ್ಟು ಸುಗರಾ ಆಪಾನ ಮನಿ ಖರೀದಿ ಮಾಡ್ಲಿಕತ್ತಾರ."

"ಅದರಾಗ ಬಾಡಿಗಿ ಇದ್ದವರೇ ಓಡಿಹೋಗ್ತಾರ. ಖರೀದಿ ಯಾರ್ ಮಾಡ್ತಾರ?"

ಮರುದಿನ ಮಧ್ಯಾಹ್ನ ಭಾಗ್ಯಜ್ಯೋತಿ ಪ್ರಿಂಟರನ್ನು ಕೌದಿಯಲ್ಲಿ ಸುತ್ತಿ, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಳು. ಲೈನ್‌ಮನ್ ಲಾಲಪ್ಪನಿಗೆ ಮೊದಲೇ ಫೋನ್ ಮಾಡಿ ಎರಡು ತಾಸು ಕರೆಂಟ್ ತೆಗೆಯಬೇಡ ಎಂದು ಹೇಳಿಯಾಗಿತ್ತು. "ಮ್ಯಾಲಿಂದ ಹೋದ್ರ ನಾ ಏನ್ ಮಾಡ್ಲಿ ಮೇಡಂ? ನನ್ನ ಕೈಲಿಂದಂತೂ ಹೋಗಂಗಿಲ್ಲ," ಎಂದು ಅವನು ಮಾತು ಕೊಟ್ಟಿದ್ದ.

ಸುಗರಾಬಿ ಬಾಗಿಲಲ್ಲಿ ನಿಂತು ಕೌದಿಯ ಗಂಟನ್ನು ನೋಡಿದಳು. "ಮತ್ತ ಅದನ್ನೇ ಮಾಡ್ತೀರಾ? ನಾ ಕೈಲೇ ಹೊಡೀಲಿಕ್ಕ ಕುಂತೀನ್ರಿ. ಎಷ್ಟ್ ಆಗ್ತಾವ ಅಷ್ಟ್ ಆಗ್ಲಿ." ಅವಳ ಬೆರಳಿನ ತುದಿಗೆ ಬಟ್ಟೆ ಸುತ್ತಿತ್ತು. ಬೆಳಗಿನಿಂದ ಕೈಯಲ್ಲಿ ಮುಗಿದ ಅಂಗಿಗಳು ರಾಶಿಯ ಮುಂದೆ ಲೆಕ್ಕಕ್ಕೇ ಸಿಗುವಂತಿರಲಿಲ್ಲ.

"ಆಪಾ, ನಿನ್ನಿದು ನನ್ನ ತಪ್ಪು. ನಿಮ್ಮ ಕೋಣಿ ಎಷ್ಟು ಕಾಯ್ತದ ಅಂತ ನಾ ನೋಡಲಿಲ್ಲ. ಇವತ್ತು ಅದೇ ಕಾವು ನಮಗ ಬೇಕು. ಫ್ಯಾನ್ ಬಂದ್ ಮಾಡ್ರಿ."

"ಬಂದ್?"

"ಕಿಡಕಿನೂ ಹಾಕ್ರಿ. ನಾವು ಹೊರಗ ಕುಂದ್ರೂಣು. ಅದರ ಹೊಗಿ ಮೂಗಿಗಿ ಛಲೋ ಅಲ್ಲ."

ಸುಗರಾಬಿ ಅವಳ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಅಂಗಿಗಳ ರಾಶಿಯನ್ನು ಹೊರಗಿನ ಚಪ್ಪರದ ಕೆಳಗೆ ಸಾಗಿಸತೊಡಗಿದಳು. ಭಾಗ್ಯಜ್ಯೋತಿ ಕಾಜಾ ಯಂತ್ರದ ಮೇಜಿನ ಮೇಲೆ ಪ್ರಿಂಟರ್ ಇಟ್ಟಳು, ತಟ್ಟೆಯನ್ನು ಸೋಪಿನಿಂದ ತೊಳೆದು ಒರೆಸಿದಳು. ಈ ಪ್ಲಾಸ್ಟಿಕ್ ಆರುವಾಗ ಕೂದಲೆಳೆಯಷ್ಟು ಕುಗ್ಗುತ್ತದೆಂದು ಚಕ್ರದ ಅಳತೆಯನ್ನು ಅಷ್ಟೇ ಹಿಗ್ಗಿಸಿದ್ದಳು. ಹಳೆಯ ಫೋನೊಂದನ್ನು ಎದುರಿಗೆ ಒರಗಿಸಿ, ಒಳಗಿನ ಚಿತ್ರ ತನ್ನ ಕೈಯ ಫೋನಿಗೆ ಬರುವಂತೆ ಮಾಡಿದಳು. ಕೋಣೆಯ ಗಾಳಿ ನಲವತ್ತೊಂಬತ್ತು ಡಿಗ್ರಿ ಮುಟ್ಟಿತ್ತು. ಸಣ್ಣ ಅಕ್ಷರಗಳು ಕೇಳಿದ್ದಕ್ಕಿಂತ ಒಂದು ಕೂದಲೂ ಕಡಿಮೆಯಿರಲಿಲ್ಲ. ಅವಳು ಹೊರಗೆ ಬಂದು ಬಾಗಿಲೆಳೆದುಕೊಂಡಳು.

ಚಪ್ಪರದ ಕೆಳಗೆ ಇಬ್ಬರೂ ಒಂದೇ ಫೋನನ್ನು ನೋಡುತ್ತ ಕುಳಿತರು. ಪ್ಲಾಸ್ಟಿಕ್ ಎಳೆ ಬಿಡುವ ಬಿಸಿ ಮೂತಿ ತಟ್ಟೆಯ ಮೇಲೆ ಸುತ್ತುತ್ತಿತ್ತು. ಮೊದಲ ಪದರ ಅಂಟಿತು. ಎರಡನೆಯದು ಅದರ ಮೇಲೆ ಕೂತಿತು. ಸುಗರಾಬಿಯ ಕೈ ಕಾಜಾದಲ್ಲಿ, ಕಣ್ಣು ಫೋನಿನಲ್ಲಿ.

"ನಮ್ಮ ಅಮ್ಮಿ ನೋಡೋ ಸೀರಿಯಲ್‌ಕಿಂತ ಇದು ಜಲ್ದಿ ಮುಂದಕ್ಕ ಹೋಗ್ತದ ಬಿಡ್ರಿ."

ಹೆಸರೆತ್ತಿದ್ದೇ ತಡ, ಓಣಿಯ ತುದಿಯಿಂದ ಅವಳ ಅತ್ತೆ ಸೈದಾನಬಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಬಂದರು. ಮಗಳ ಮನೆಗೆ ಹೋಗಿದ್ದವರು. ಮುಚ್ಚಿದ ಕಿಡಕಿ ನೋಡಿದರು, ಹೊರಗೆ ಕುಳಿತ ಸೊಸೆಯನ್ನು ನೋಡಿದರು.

"ಯಾ ಅಲ್ಲಾ! ಇಂಥಾ ಬಿಸಲಾಗ ಬಾಗಲಾ ಬಂದ್ ಮಾಡಿ ಒಳಗ ಯಾರಿಗಿ ಕುಂದರ್ಸೀರಿ?" ಅನ್ನುತ್ತಲೇ ಅವರ ಕೈ ಬಾಗಿಲಿಗೆ ಹೋಗಿತ್ತು.

"ಅಮ್ಮೀ, ತೆಗೀಬ್ಯಾಡ!" ಸುಗರಾಬಿ ಸೂಜಿ ಸಮೇತ ಹಾರಿ ನಿಂತಳು.

"ನೀರ್ ಕುಡೀಬೇಕು. ನನ್ನ ಮನ್ಯಾಗ ನನಗೇ ಬಂದ್?"

"ಖಾಲಾ, ನನ್ನ ಬಾಟ್ಲಿಯೊಳಗಿನ ನೀರು ತೊಗೋರಿ, ತಣ್ಣಗದಾವ," ಭಾಗ್ಯಜ್ಯೋತಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. "ಒಂದ್ ತಾಸು ತಡೀರಿ. ಗಾಳಿ ಹೊಕ್ಕರ ಎಲ್ಲಾ ಕೆಡ್ತದ."

"ಗಾಳಿ ಎಲ್ಲ್ಯದ ಹೊಗ್ಲಿಕ್ಕ? ಇದ್ರ ಅಲ್ಲೇನು, ಹೊಗೋದು?" ಸೈದಾನಬಿ ಗೊಣಗಿದರು. ಆದರೂ ಬಾಟ್ಲಿ ತೆಗೆದುಕೊಂಡು, ಸೊಸೆಯ ಪಕ್ಕದಲ್ಲಿ ಜಾಗ ಮಾಡಿಕೊಂಡು ಕುಳಿತರು. ಕನ್ನಡಕ ಏರಿಸಿ ಫೋನನ್ನು ತಮ್ಮತ್ತ ತಿರುಗಿಸಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ, "ಒಂದ್ ಹಲ್ಲು ಸೊಟ್ಟ ಆಗ್ಯಾದೇನು ನೋಡ್ರಿ," ಎಂದರು.

ಭಾಗ್ಯಜ್ಯೋತಿ ಚಿತ್ರವನ್ನು ಹಿಗ್ಗಿಸಿದಳು. ಹಲ್ಲಿನ ಅಂಚು ಮಸುಕಾಗಿತ್ತು. ಸುಗರಾಬಿ ಕೈಕೆಲಸ ನಿಲ್ಲಿಸಿದಳು. ಮೂತಿ ಒಂದು ಸುತ್ತು ಬಂದು ಸರಿದಾಗ ಹಲ್ಲು ಮತ್ತೆ ನೆಟ್ಟಗೆ ಕಂಡಿತು. ಅದರ ಮೇಲೆ ಬಿದ್ದಿದ್ದು ಮೂತಿಯ ನೆರಳು, ಅಷ್ಟೇ.

ಯಂತ್ರ ನಿಂತ ಮೇಲೂ ಅವಳು ಬಾಗಿಲು ತೆಗೆಯಗೊಡಲಿಲ್ಲ. ತಟ್ಟೆ ತಾನಾಗಿ ಆರಬೇಕಿತ್ತು. ಕೊನೆಗೆ ಒಳಗಿನಿಂದ ಟಕ್ ಎಂದು ಸಣ್ಣ ಸದ್ದು ಬಂತು.

"ತಟ್ಟಿಯಿಂದ ಬಿಡ್ತು," ಎಂದಳು ಭಾಗ್ಯಜ್ಯೋತಿ.

ಬಾಗಿಲು ತೆಗೆದಾಗ ಒಳಗಿನ ಝಳ ಮುಖಕ್ಕೆ ಹೊಡೆಯಿತು. ಹೊಗೆಯ ವಾಸನೆ ಹೋಗಲೆಂದು ಕಿಡಕಿ ತೆಗೆದರು. ಅದರಿಂದ ಎಲೆ ಅಲುಗುವಷ್ಟು ಗಾಳಿಯೂ ಬರಲಿಲ್ಲ. ಚಕ್ರ ತಟ್ಟೆಯ ಮೇಲೆ ಸಡಿಲಾಗಿ ಕೂತಿತ್ತು. ಭಾಗ್ಯಜ್ಯೋತಿ ಅದನ್ನು ಫರಸಿಯ ಮೇಲಿಟ್ಟು ಕಣ್ಣನ್ನು ನೆಲದ ಮಟ್ಟಕ್ಕೆ ತಂದು ನೋಡಿದಳು. ಚಕ್ರಕ್ಕೂ ಕಲ್ಲಿಗೂ ನಡುವೆ ಬೆಳಕು ತೂರಲಿಲ್ಲ. ಕ್ಯಾಲಿಪರ್ ಹಿಡಿದು ಅಳೆದಳು. ಆಮೇಲೆ ಸುಗರಾಬಿಯ ಕೈಗೆ ಕೊಟ್ಟಳು.

ಸುಗರಾಬಿ ಯಂತ್ರದ ಹೊಟ್ಟೆ ಬಿಚ್ಚಿ ಚಕ್ರ ಕೂರಿಸಿ ತಿರುಪು ಬಿಗಿದಳು. ಮೊದಲು ಕೈಯಿಂದ ಒಂದು ಸುತ್ತು ತಿರುಗಿಸಿದಳು. ಸೂಜಿ ಇಳಿಯಿತು, ಏರಿತು. ಮೋಟಾರು ಹಾಕಿದಳು. ಬಟ್ಟೆಯ ಅಂಚಿನಲ್ಲಿ ದಾರ ಈ ಕಡೆ ಇಳಿದು, ತಿರುಗಿ, ಆ ಕಡೆ ಏರಿ ಬಂದು ಮೊದಲಿನ ಹೊಲಿಗೆಯನ್ನೇ ಕೂಡಿಕೊಂಡಿತು. ಇನ್ನೊಂದು. ಮತ್ತೊಂದು. ಮತ್ತೆ ಒಳಗೆ ತಂದ ಅಂಗಿಗಳ ಗುಡ್ಡೆ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಜರುಗತೊಡಗಿತು. ಭಾಗ್ಯಜ್ಯೋತಿ ಥರ್ಮಾಮೀಟರನ್ನು ಯಂತ್ರದತ್ತ ಹಿಡಿದಳು. ಅರವತ್ತೈದು, ಅರವತ್ತಾರು. ಸದ್ದು ಬದಲಾಗಲಿಲ್ಲ. ಅವಳು ಸಾಧನವನ್ನು ಚೀಲಕ್ಕೆ ಹಾಕಿ, ಬ್ಲೇಡು ತೆಗೆದುಕೊಂಡು ಕಾಜಾಗಳ ನಡುವೆ ಸೀಳುತ್ತ ಕುಳಿತಳು. ಫ್ಯಾನು ಹಾಕಬೇಕೆಂದು ಯಾರಿಗೂ ನೆನಪಾಗಲಿಲ್ಲ.

ಸೈದಾನಬಿ ಸೀಳಿದ ಅಂಗಿಯೊಂದನ್ನು ಮಡಿಲಿಗೆಳೆದುಕೊಂಡರು. ಕೆಳಗಿನಿಂದ ಶುರು ಮಾಡಿ ಒಂದೊಂದೇ ಗುಂಡಿ ಹಾಕುತ್ತ ಕೊರಳವರೆಗೆ ಬಂದರು. ಆಮೇಲೆ ಅದರ ಎರಡೂ ಹೆಗಲು ಹಿಡಿದು ಬಾಗಿಲ ಬೆಳಕಿಗೆ ಎತ್ತಿದರು. ಆರೇಳು ವರ್ಷದ ಮಗುವಿನ ಅಳತೆಯದು. ಗಾಳಿ ಆಡದ ಕೋಣೆಯಲ್ಲಿ ಅಂಗಿ ಅಲುಗಾಡದೆ ನೆಟ್ಟಗೆ ನಿಂತಿತ್ತು.