ಬಲ ಹೆಗಲು

ಶವಪೆಟ್ಟಿಗೆಯನ್ನು ಕಾರಿನಿಂದ ಅರ್ಧ ಹೊರಗೆಳೆದಾಗಿತ್ತು. ಯಾರ್ಕ್‌ಷೈರಿನ ಆ ಗಣಿ ಊರಿನ ಪದ್ಧತಿಯಂತೆ ಕೋಚ್ ಸಿರಿಲ್ ಥ್ವೇಟ್‌ಗೆ ಮೊದಲು ರಗ್ಬಿ ಮೈದಾನದಲ್ಲಿ ಒಂದು ಸುತ್ತು, ಆಮೇಲೆ ಚರ್ಚು. ಹೊರಲು ನಿಂತ ಆರೂ ಜನ ಅವನ ಹಳೆಯ ಆಟಗಾರರು. ಎತ್ತರ ನೋಡಿ ಜೋಡಿ ಮಾಡಿದ್ದರಿಂದ ಕುಳ್ಳರಿಬ್ಬರೂ ಮುಂದಿದ್ದರು: ಎಡಗಡೆ ಲೆನ್ ಸಗ್ಡನ್, ಬಲಗಡೆ ಟಾಮಿ ಹರ್ಸ್ಟ್. ಎಡಗಡೆಯವನು ಬಲ ಹೆಗಲು ಕೊಡಬೇಕು.

ಸಿರಿಲ್‌ನ ಹೆಂಡತಿ ಹಿಲ್ಡಾ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಲೆನ್, ನೀನು ಆ ಕಡೆ ಹೋಗಪ್ಪಾ. ಎಡ ಹೆಗಲು ಕೊಡು."

ಹಿಂದಿದ್ದ ದೈತ್ಯ ಆರ್ನಾಲ್ಡ್‌ಗೆ ಅದು ಕೇಳಿಸಿತು. "ಯಾಕಮ್ಮಾ, ಆ ಹೆಗಲಿಗೇನಾಗಿದೆ? ಫೈನಲ್ಲಲ್ಲಿ ಆಡಿಸ್ದೇ ಎತ್ತಿಟ್ಟಿದ್ದು, ಇನ್ನೂ ಹೊಸದಾಗೇ ಇರ್ಬೇಕಲ್ಲ."

"ಲೆನ್ ಇದ್ದಿದ್ರೆ ಕಪ್ ನಮ್ದೇ," ಎಂದ ಇನ್ನೊಬ್ಬ, ಅಭ್ಯಾಸಬಲದಿಂದ.

ಟಾಮಿ ತನ್ನ ಬೂಟು ನೋಡಿಕೊಂಡ. ಐವತ್ತರ ದಶಕದ ಆ ಫೈನಲ್ಲಿನಲ್ಲಿ ಲೆನ್ ಬದಲು ಆಡಿದವನು ಅವನೇ. ಅಂದಿನಿಂದ ಈ ಮಾತು ಕೇಳುತ್ತ ಬಂದವನೂ ಅವನೇ.

ಲೆನ್ ಹಿಲ್ಡಾಳ ಮುಖ ನೋಡಿದ. ಆಕೆಗೆ ಎಲ್ಲ ಗೊತ್ತಿತ್ತು.

*

ಫೈನಲ್ಲಿನ ಬೆಳಗ್ಗೆ ಲಂಡನ್ನಿನ ಹೋಟೆಲಿನಲ್ಲಿ ಲೆನ್ ಎಡಗೈಯಲ್ಲಿ ಚಹಾ ಕುಡಿಯುತ್ತಿದ್ದ. ಸಿರಿಲ್ ಅವನನ್ನು ಮೆಟ್ಟಿಲ ಬಳಿ ಕರೆದ.

"ಬಲಗೈ ಎತ್ತು ನೋಡೋಣ."

ಕೈ ಎದೆಯ ಮಟ್ಟ ದಾಟಲಿಲ್ಲ.

"ಆಡ್ತೀನಿ ಕೋಚ್. ಇದೊಂದೇ ಮ್ಯಾಚು."

"ನೀನು ಬಿದ್ರೆ ಬೇರೆಯವನನ್ನ ಇಳಿಸೋಕೆ ನಿಯಮ ಇಲ್ಲ ಕಣೋ. ಹದಿಮೂರರಲ್ಲಿ ಉಳಿದ ಹನ್ನೆರಡೇ ಜನ ಒದ್ದಾಡ್ಬೇಕು. ಟಾಮಿ ಆಡ್ತಾನೆ."

"ಹೆಗಲು ಹೋಗಿದೆ ಅಂತ ಗೊತ್ತಾದ್ರೆ ಕ್ಲಬ್ಬಿನೋರು ನನ್ನ ಓಡಿಸ್ತಾರೆ."

"ನಾನಂತೂ ಊರಿಗೆ ಹೇಳಲ್ಲ. ಹೇಳೋದಾದ್ರೆ ನೀನೇ ಹೇಳು."

ಎರಡು ಅಂಕಗಳಿಂದ ಸೋತರು. ಗಣಿಯಲ್ಲಿ ದುಡಿಯುತ್ತಲೇ ಆಡಿ, ಕೋಚ್ ಹುದ್ದೆಗೆ ಏರಿದ್ದ ಸಿರಿಲ್‌ನನ್ನು ಆ ಬೇಸಿಗೆಯಲ್ಲೇ ತೆಗೆದುಹಾಕಿದರು. ಹಗೆಯಿಂದ ಲೆನ್‌ನನ್ನು ಹೊರಗೆ ಕೂರಿಸಿದ ಎಂದು ಊರು ಆಡಿಕೊಂಡಿತು. ಸಿರಿಲ್ ಮತ್ತೆ ಗಣಿಗೆ ಇಳಿದ. ಲೆನ್‌ನ ಹೆಗಲು ಒಂದಿಷ್ಟು ಕೂಡಿಕೊಂಡಿತು. ಅವನು ಇನ್ನೂ ಕೆಲವು ವರ್ಷ ಆಡಿದ, ಬಾಯಿ ಬಿಡಲಿಲ್ಲ.

*

"ಈ ಹೆಗಲಲ್ಲಿ ಹೊರೋಕಾಗಲ್ಲ," ಎಂದ ಲೆನ್, ಎಲ್ಲರಿಗೂ ಕೇಳುವಂತೆ. "ಆವತ್ತೂ ಆಗ್ತಿರ್ಲಿಲ್ಲ. ಮ್ಯಾಚಿಗೆ ಮುಂಚೆನೇ ಹೋಗಿತ್ತು. ಕೋಚ್ ಮಾಡಿದ್ದು ಸರಿ. ಸುಮ್ನಿದ್ದೋನು ನಾನು."



ಟಾಮಿ ಪೆಟ್ಟಿಗೆಯನ್ನು ಬಳಸಿಕೊಂಡು ಈ ಕಡೆ ಬಂದ. ಲೆನ್ ಆ ಕಡೆ ಹೋದ. ಪೆಟ್ಟಿಗೆ ಹೆಗಲೇರಿತು. ಅದರಡಿಯಲ್ಲಿ ಜೋಡಿಗಳು ಒಬ್ಬರ ಬೆನ್ನಿಗೊಬ್ಬರು ತೋಳು ಹಾಕಿ, ಆಟದಲ್ಲಿ ತಲೆ ತಗ್ಗಿಸಿ ನುಗ್ಗುವ ಮುನ್ನ ಹಿಡಿಯುತ್ತಿದ್ದಂತೆಯೇ, ಕೋಟು ಬಿಗಿಯಾಗಿ ಹಿಡಿದರು. ಟಾಮಿಯ ಹಿಡಿತ ಇನ್ನೂ ಬಿಗಿಯಾಯಿತು. ಗೇಟು ದಾಟುವಾಗ ಲೆನ್‌ನ ಕೋಟಿನ ಹೊಲಿಗೆ ಪರ್ ಎಂದು ಬಿಟ್ಟುಕೊಂಡಿತು. ಟಾಮಿ ಕೈ ಸಡಿಲಿಸಲಿಲ್ಲ. ಲೆನ್ ಹೆಜ್ಜೆ ತಪ್ಪಿಸಲಿಲ್ಲ.